ಜೆಲ್ ನಕ್ಕರೆ ನಾವು ಅಳಬೇಕು

ಪ್ರೋಟೀನುಗಳನ್ನು ಜೆಲ್‌ನೊಳಗೆ ಕರೆಂಟಿನಿಂದ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್-ಪೇಜ್‌ಗೆ ಉಲ್ರಿಚ್ ಲೆಮ್ಲಿ 1970ರಲ್ಲಿ ಕೊಟ್ಟ ಬಫರ್‌ಗಳೇ ಇವತ್ತಿಗೂ ಓಡುತ್ತಿವೆ. ಸೋರುವ ಗಾಜಿನ ತಟ್ಟೆಗಳೂ ಹಾಗೇ ಸೋರುತ್ತಿವೆ. ಎರಡು ತಟ್ಟೆಗಳ ತಳ ಒಂದೇ ಮಟ್ಟಕ್ಕಿಲ್ಲದಿದ್ದರೆ ನಡುವೆ ಸುರಿದ, ಗಟ್ಟಿಯಾಗಿ ಜೆಲ್ ಆಗಬೇಕಾದ ಅಕ್ರಿಲಮೈಡ್ ಟೇಬಲ್ಲಿನ ಪಾಲು. ಮೊದಲು ನೀರು ತುಂಬಿಸಿ ಐದು ನಿಮಿಷ ಕಾಯಿರಿ. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ, ಗ್ಲೌಸ್ ಬಿಚ್ಚಬೇಡಿ.

12% ಜೆಲ್‌ಗೆ, 10 ಮಿಲೀ ಲೆಕ್ಕದಲ್ಲಿ: ನೀರು 3.3, 30% ಅಕ್ರಿಲಮೈಡ್ ಮಿಶ್ರಣ 4, ಪಿಎಚ್ 8.8ರ 1.5 ಮೋಲಾರ್ ಟ್ರಿಸ್ 2.5, 10% ಎಸ್‌ಡಿಎಸ್ ಡಿಟರ್ಜೆಂಟ್ 0.1, 10% ಎಪಿಎಸ್ 0.1 ಮಿಲೀ. ಕೊನೆಗೆ, ಎಪಿಎಸ್ ಜೊತೆ ಸೇರಿ ಜೆಲ್ ಗಟ್ಟಿಯಾಗಿಸುವ ಟೆಮೆಡ್ 4 ಮೈಕ್ರೋಲೀಟರ್. ಮರೆತುಹೋಗುವುದು ಈ ಕೊನೆಯದೇ. ಹಾಕಿದ ಮೇಲೆ ಫೋನ್ ನೋಡುತ್ತ ನಿಂತರೆ ಬೀಕರ್‌ನಲ್ಲೇ ಜೆಲ್ ತಯಾರು! ಎಷ್ಟು ಹೊತ್ತಾದರೂ ಗಟ್ಟಿಯಾಗದಿದ್ದರೆ ಎಪಿಎಸ್ ಹಳತಾಗಿದೆ, ಅಥವಾ ಯಾರೋ ಉತ್ಸಾಹದಿಂದ ಕುಲುಕಿ ಗಾಳಿ ಸೇರಿಸಿದ್ದಾರೆ. ಆಮ್ಲಜನಕ ಪಾಲಿಮರ್ ಕಟ್ಟಲು ಬಿಡುವುದಿಲ್ಲ. ಜೆಲ್ ಮೇಲೆ ಐಸೋಪ್ರೊಪನಾಲ್ ಸುರಿಯುವುದೂ ಅದಕ್ಕೇ.

ಸ್ಯಾಂಪಲ್ ಹಾಕುವ ಬಾವಿಗಳನ್ನು ಜೆಲ್‌ನಲ್ಲಿ ಮೂಡಿಸುವ ಕೋಂಬನ್ನು ನೇರವಾಗಿ, ನಿಧಾನಕ್ಕೆ ಎತ್ತಬೇಕು. ಜಗ್ಗಿದರೆ ಬಾವಿಗಳ ಗೋಡೆ ಮಲಗುತ್ತದೆ, ಪಕ್ಕದ ಸ್ಯಾಂಪಲ್‌ಗಳು ಸಂಬಂಧ ಬೆಳೆಸುತ್ತವೆ. ಸ್ಯಾಂಪಲ್ ಪಿಪೆಟ್ ಟಿಪ್‌ನಿಂದ ಎಳೆಎಳೆಯಾಗಿ ನೇತಾಡಿದರೆ ತಪ್ಪು ಡಿಎನ್‌ಎಯದು. ಸಣ್ಣ ಸೂಜಿಯಲ್ಲಿ ನಾಲ್ಕಾರು ಸಲ ಎಳೆದು ತಳ್ಳಿ ಕತ್ತರಿಸಿ. ಬಾವಿಗೆ ಇಳಿಯದೆ ತೇಲಿದರೆ ಸ್ಯಾಂಪಲ್‌ಗೆ ಭಾರ ಕೊಡುವ ಗ್ಲಿಸರಾಲ್ ಬಿಟ್ಟುಹೋಗಿದೆ.

ಕೆಂಪು ವೈರ್ ಕೆಂಪಿಗೆ, ಕಪ್ಪು ಕಪ್ಪಿಗೆ. ಇದನ್ನು ಹೇಳಿಕೊಡಬೇಕಾ ಅಂತ ಕೇಳುವವರೇ ತಿರುಗಿಸಿ ಸಿಕ್ಕಿಸುವುದು. ಗುಳ್ಳೆ ಬಂದರೆ ಕರೆಂಟ್ ಇದೆ ಅಂತ ಅರ್ಥ, ದಿಕ್ಕು ಸರಿಯಿದೆ ಅಂತಲ್ಲ. ಸ್ಯಾಂಪಲ್‌ಗೆ ಬೆರೆಸಿದ ನೀಲಿ ಬಣ್ಣ ಕೆಳಗಿಳಿಯುತ್ತಿದೆಯಾ ಎಂದು ನೋಡಿಯೇ ಟೀಗೆ ಹೊರಡಿ.

ಬಸ್ಸು ತಪ್ಪುತ್ತದೆಂದು ವೋಲ್ಟೇಜ್ ಏರಿಸಿದಿರೋ, ಜೆಲ್ ನಡುವೆ ಬಿಸಿಯಾಗಿ ಮಧ್ಯದ ಲೇನ್‌ಗಳು, ಅಂದರೆ ಒಂದೊಂದು ಬಾವಿಯ ಕೆಳಗಿನ ದಾರಿಗಳು, ಮುಂದೋಡುತ್ತವೆ. ಅಂಚಿನವು ಹಿಂದುಳಿದು ಪ್ರೋಟೀನಿನ ಗೆರೆಗಳಾದ ಬ್ಯಾಂಡುಗಳೆಲ್ಲ ಹಲ್ಲು ಕಿರಿಯುತ್ತವೆ. ಸ್ಯಾಂಪಲನ್ನು ತೆಳು ಗೆರೆಯಾಗಿ ಒಟ್ಟುಗೂಡಿಸುವ ಮೇಲಿನ ಸ್ಟ್ಯಾಕಿಂಗ್ ಜೆಲ್‌ನಲ್ಲಿ 80, ಆಮೇಲೆ 120 ವೋಲ್ಟ್ ಸಾಕು. ಮುಂದಿನ ಬಸ್ಸು ಇದ್ದೇ ಇರುತ್ತದೆ.

ಪ್ರೋಟೀನನ್ನು ಮೊದಲು ಚಾರ್ಜ್, ಆಮೇಲೆ ಗಾತ್ರದ ಪ್ರಕಾರ ಬೇರ್ಪಡಿಸುವ ಟೂ-ಡಿ ಜೆಲ್‌ನವರ ಪಾಡು ಬೇರೆ. ಸಾಮಾನ್ಯ ಸ್ಯಾಂಪಲ್ ಬಿಸಿಮಾಡುವ ಅಭ್ಯಾಸಬಲದಿಂದ ಯೂರಿಯಾ ಇರುವ ಸ್ಯಾಂಪಲನ್ನೂ 95 ಡಿಗ್ರಿಗೆ ಇಟ್ಟರೆ ಪ್ರೋಟೀನಿನ ಚಾರ್ಜ್ ಬದಲಾಗಿ ಒಂದು ಚುಕ್ಕಿಯ ಜಾಗದಲ್ಲಿ ಒಂದು ಸಾಲೇ ನಿಲ್ಲುತ್ತದೆ. ಹೊಸ ಐಸೋಫಾರಂ (ಅದೇ ಪ್ರೋಟೀನಿನ ಇನ್ನೊಂದು ರೂಪ) ಸಿಕ್ಕಿತು ಅಂತ ಗೈಡ್‌ಗೆ ಫೋನ್ ಮಾಡುವ ಮುಂಚೆ ಯೋಚಿಸಿ. 37 ಡಿಗ್ರಿ ದಾಟಿಸಬಾರದು.

ಇಷ್ಟೆಲ್ಲ ದಾಟಿ ಪ್ರೋಟೀನಿಗೆ ಬಣ್ಣ ಕೊಡುವ ಸಿಲ್ವರ್ ಸ್ಟೇನ್‌ನಲ್ಲಿ ಬ್ಯಾಂಡ್ ಕಂಡು, ಕತ್ತರಿಸಿ, ಪ್ರೋಟೀನನ್ನು ತುಂಡರಿಸುವ ಟ್ರಿಪ್ಸಿನ್ ಹಾಕಿ, ತುಂಡುಗಳ ತೂಕದಿಂದ ಅದು ಯಾವುದೆಂದು ಹೇಳುವ ಮಾಸ್ ಸ್ಪೆಕ್‌ಗೆ ಕಳಿಸಿದರೆ ಉತ್ತರ ಬರುತ್ತದೆ: ಮನುಷ್ಯನ ಕೆರಾಟಿನ್. ಸ್ಯಾಂಪಲ್ ರಾಗಿ ಎಲೆಯದು! ಚರ್ಮದ ಹೊಟ್ಟು, ಕೂದಲು, ಟೇಬಲ್ಲಿನ ಧೂಳು, ಯಾವುದರಿಂದಲಾದರೂ ಬಂದಿರಬಹುದು. ಗ್ಲೌಸನ್ನು ಕೋಟಿನ ತೋಳಿನ ಮೇಲೆ ಎಳೆದುಕೊಳ್ಳಿ, ಹೋಲಿಸಲು ಖಾಲಿ ಲೇನ್‌ನಿಂದಲೂ ಒಂದು ತುಂಡು ಕತ್ತರಿಸಿ ಜೊತೆಗೆ ಕಳಿಸಿ. ಚಳಿಯೆಂದು ಉಣ್ಣೆ ಸ್ವೆಟರ್ ಹಾಕಿಕೊಂಡು ಕೂತವರ ಪಟ್ಟಿಯಲ್ಲಿ ಕುರಿಯೂ ಇರುತ್ತದೆ.