ಐ7 ಎಂಬ ಹೆಸರೂ 4 ಜಿಬಿ ಎಂಬ ಆಸೆಯೂ

ಕಳೆದ ತಿಂಗಳು ಅಕ್ಕನ ಮಗ ಮಂಗಳೂರಿನ ಒಂದು ಅಂಗಡಿಯಲ್ಲಿ ಗೇಮಿಂಗ್ ಕಂಪ್ಯೂಟರಿನ ಕೊಟೇಶನ್ ಬರೆಸಿಕೊಂಡು ಉಡುಪಿಯ ನಮ್ಮ ಮನೆಗೆ ಬಂದಿದ್ದ. "ಮಾವ, ಐ7 ಉಂಟಂತೆ, ಗ್ರಾಫಿಕ್ಸ್ ಕಾರ್ಡ್ 4 ಜಿಬಿದಂತೆ, ಗೇಮಿಂಗಿಗೆ ಬೇರೆಂತದೂ ಬೇಡವಂತೆ" ಎಂದ. ಆ ಮೂರು 'ಅಂತೆ'ಗಳಲ್ಲೇ ನನಗೆ ಸಂಶಯ ಹುಟ್ಟಿತು. ಚೀಟಿ ಬಿಡಿಸಿ ನೋಡಿದರೆ ಪ್ರೊಸೆಸರ್ ಐ7-4770, ಕಾರ್ಡು ಜಿಟಿ 730. ಮೊದಲನೆಯದು 2013ರಲ್ಲಿ ಬಂದದ್ದು, ಎರಡನೆಯದು 2014ರಲ್ಲಿ. ಹುಡುಗ ಆಗ ಅಂಗನವಾಡಿಯಲ್ಲಿದ್ದ.

ಐ7 ಎಂಬುದು ಇಂಟೆಲ್ ಪ್ರೊಸೆಸರುಗಳ ದರ್ಜೆಯ ಹೆಸರು, ತಲೆಮಾರಿನದ್ದಲ್ಲ. ನಾಲ್ಕು ಕೋರು (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ಡುಗಳ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಆ ಹಳೆಯ ಐ7 ಅನ್ನು 2022ರ ಐ3-12100ಎಫ್ ಅಷ್ಟೇ ಕೋರು, ಅಷ್ಟೇ ಥ್ರೆಡ್ಡುಗಳಲ್ಲಿ ಸುಲಭವಾಗಿ ಹಿಂದೆ ಹಾಕುತ್ತದೆ. ಇನ್ನು ಕಾರ್ಡಿನ '4 ಜಿಬಿ'. ಜಿಟಿ 730ರ ಡಿಡಿಆರ್3 ಮೆಮೊರಿಯ 64 ಬಿಟ್ ರೂಪದಲ್ಲಿ ಸೆಕೆಂಡಿಗೆ ಸಾಗುವ ದತ್ತಾಂಶ 14.4 ಜಿಬಿ, ಆರ್‌ಎಕ್ಸ್ 6600 ಎಂಬ ಕಾರ್ಡಿನಲ್ಲಿ ಅದು 224 ಜಿಬಿ. ಟ್ಯಾಂಕಿ ಎಷ್ಟೇ ದೊಡ್ಡದಿರಲಿ, ನಲ್ಲಿಯಲ್ಲಿ ನೂಲಿನಷ್ಟು ನೀರು ಬಂದರೆ ಸ್ನಾನ ಮುಗಿಯುವುದಿಲ್ಲ.

ಕಡಿಮೆ ಬಜೆಟ್ಟಿನಲ್ಲಿ ಪ್ರೊಸೆಸರನ್ನೂ ಕಾರ್ಡನ್ನೂ ಬೇರೆ ಬೇರೆಯಾಗಿ ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾನಿಟರ್ ಯಾವುದೆಂದು ಮೊದಲು ತೀರ್ಮಾನಿಸಿ, ನಿಜವಾಗಿ ಆಡುವ ಆಟಗಳು ಯಾವುವೆಂದು ಒಪ್ಪಿಕೊಂಡು, ಆಮೇಲೆ ಎರಡನ್ನೂ ಜೋಡಿಯಾಗಿಯೇ ಕೊಳ್ಳಬೇಕು. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಪ್ರೊಸೆಸರ್ ಯಕ್ಷಗಾನದ ಭಾಗವತರಿದ್ದಂತೆ, ಶತ್ರು ಎಲ್ಲಿದ್ದಾನೆ, ಗುಂಡು ಯಾರಿಗೆ ತಾಗಿತು, ಮುಂದಿನ ಫ್ರೇಮಿನಲ್ಲಿ ಏನನ್ನು ಬಿಡಿಸಬೇಕು ಎಂದು ಪದ ಎತ್ತಿಕೊಡುವುದು ಅದರ ಕೆಲಸ. ಆ ಪದಕ್ಕೆ ರಂಗದಲ್ಲಿ ಕುಣಿಯುವ ವೇಷಧಾರಿ ಗ್ರಾಫಿಕ್ಸ್ ಕಾರ್ಡು. 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮು, ಅಂದರೆ 60 ಚಿತ್ರ) ಬೇಕಾದರೆ ಇಬ್ಬರೂ ಒಂದೊಂದು ಫ್ರೇಮಿನ ತಮ್ಮ ಪಾಲಿನ ಕೆಲಸವನ್ನು 16.7 ಮಿಲಿಸೆಕೆಂಡಿನೊಳಗೆ ಮುಗಿಸಬೇಕು, 144 ಬೇಕಾದರೆ 7 ಮಿಲಿಸೆಕೆಂಡಿನೊಳಗೆ. ಪರದೆಯ ರೆಸಲ್ಯೂಶನ್ ಏರಿಸಿದಾಗ ದಣಿಯುವುದು ವೇಷಧಾರಿ ಮಾತ್ರ, ಏಕೆಂದರೆ 1080ಪಿಯಲ್ಲಿ ಸುಮಾರು 20.7 ಲಕ್ಷ ಇರುವ ಪಿಕ್ಸೆಲ್‌ಗಳು 1440ಪಿಯಲ್ಲಿ 36.9 ಲಕ್ಷವಾಗುತ್ತವೆ, ಭಾಗವತರ ಪದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ವ್ಯಾಲರಂಟ್‌ನಂತಹ ಹಗುರ ಆಟವನ್ನು 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಪರದೆಯಲ್ಲಿ ಆಡುವವನಿಗೆ ಪ್ರೊಸೆಸರ್ ಮುಖ್ಯ, ಸೈಬರ್‌ಪಂಕ್ 2077 ಆಡುವವನಿಗೆ ಕಾರ್ಡು ಮುಖ್ಯ. ಈಗಾಗಲೇ ಪಿಸಿ ಇರುವವರು ಒಮ್ಮೆ ರೆಸಲ್ಯೂಶನ್ ತಗ್ಗಿಸಿ ನೋಡಲಿ. ಆಗಲೂ ಎಫ್‌ಪಿಎಸ್ ಏರದಿದ್ದರೆ ತಡೆಯಿರುವುದು ಪ್ರೊಸೆಸರಿನಲ್ಲಿ, ಹೊಸ ಕಾರ್ಡು ತಂದು ಪ್ರಯೋಜನವಿಲ್ಲ.

ಸೋದರಳಿಯ ಆಡುವುದು ಎರಡೂ ಬಗೆಯ ಆಟಗಳನ್ನು, ಪರದೆ 1080ಪಿ. ಅವನಿಗೆ ನಾನು ಬರೆದುಕೊಟ್ಟದ್ದು ಆರು ಕೋರುಗಳ ರೈಜೆನ್ 5 5600 ಪ್ರೊಸೆಸರ್ ಮತ್ತು 8 ಜಿಬಿಯ ಆರ್‌ಎಕ್ಸ್ 6600. ಅದೇ ಹೆಸರಿನ ಕೊನೆಗೆ 'ಜಿ' ಸೇರಿಸಿದ 5600ಜಿ ಕೊಂಡರೆ, ಒಳಗೇ ಗ್ರಾಫಿಕ್ಸ್ ಇರುವುದರಿಂದ, ಕಾರ್ಡಿಲ್ಲದೆಯೂ ಪರದೆ ಬೆಳಗುತ್ತದೆ, ನಿಜ. ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32ರ ಬದಲು 16 ಎಂಬಿ, ಕಾರ್ಡಿಗೆ ದತ್ತಾಂಶ ಸಾಗುವ ದಾರಿಯಾದ ಪಿಸಿಐಇ 4.0ರ ಬದಲು 3.0. ಈ ದಾರಿಯ ಇಳಿಕೆ ಹೆಚ್ಚು ಗೊತ್ತಾಗುವುದು ಆರ್‌ಎಕ್ಸ್ 6500 ಎಕ್ಸ್‌ಟಿಯಂತಹ ಕಾರ್ಡು ಹಾಕಿದಾಗ. ಆ ಕಾರ್ಡಿಗಿರುವುದೇ ನಾಲ್ಕು ಲೇನು, 4 ಜಿಬಿ ಮೆಮೊರಿ. ಮೆಮೊರಿ ತುಂಬಿದೊಡನೆ ದತ್ತಾಂಶವೆಲ್ಲ ಆ ಇಕ್ಕಟ್ಟಿನ ದಾರಿಯಲ್ಲೇ ಓಡಾಡಬೇಕಾಗಿ ಆಟ ತಡವರಿಸುತ್ತದೆ. ಇನ್ನೊಂದು ಮೋಸ ಆರ್‌ಟಿಎಕ್ಸ್ 3050ರದು. 2022ರಲ್ಲಿ ಬಂದದ್ದು 8 ಜಿಬಿಯದು; 2024ರಲ್ಲಿ ಅದೇ ಹೆಸರಿನಲ್ಲಿ ಬಂದ 6 ಜಿಬಿಯದರಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರುಗಳೂ ಕಡಿಮೆ, ಮೆಮೊರಿಗೆ ಹೋಗುವ ದಾರಿ, ಅಂದರೆ ಬಸ್ಸು, 128 ಬಿಟ್ಟಿನಿಂದ 96ಕ್ಕೆ ಇಳಿದಿದೆ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದದವರು ಸೋಲುತ್ತಾರೆ. 12 ಜಿಬಿಯ ಆರ್ಕ್ ಬಿ580 ಏಕೆ ಬೇಡವೆಂದು ಅವನು ಕೇಳಿದ. ಒಳ್ಳೆಯ ಕಾರ್ಡೇ, ಆದರೆ ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಮುಟ್ಟುವ ವ್ಯವಸ್ಥೆ) ಬೇಕೇ ಬೇಕು, ಹಳೆಯ ಪ್ರೊಸೆಸರುಗಳ ಜೊತೆ ಕೆಲವು ಆಟಗಳಲ್ಲಿ ಅದು ಮುಗ್ಗರಿಸಿದ್ದೂ ಉಂಟು. 5600 ಕೂರುವ ಎಎಂ4 ಮದರ್‌ಬೋರ್ಡಿನ ಹಳೆಯ ಸಾಕೆಟ್, ಎಎಂ5 ಕೊಂಡರೆ ಮುಂದೆ ಪ್ರೊಸೆಸರ್ ಬದಲಿಸಬಹುದು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಂದೋ ಮಾಡಲಿರುವ ಅಪ್‌ಗ್ರೇಡಿಗಾಗಿ ಇಂದು ಕಾರ್ಡಿನ ದುಡ್ಡನ್ನು ಮದರ್‌ಬೋರ್ಡಿಗೂ ಡಿಡಿಆರ್5 ರ‍್ಯಾಮಿಗೂ ಸುರಿಯುವುದು ವಿದ್ಯಾರ್ಥಿಯ ಬಜೆಟ್ಟಿಗೆ ಹೇಳಿದ್ದಲ್ಲ.

ಸೆಕೆಂಡ್ ಹ್ಯಾಂಡ್ ವಿಷಯದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡವನು. 2022ರ ಸೆಪ್ಟೆಂಬರ್ 15ರಂದು ಎಥೀರಿಯಮ್ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ (ಕಾರ್ಡುಗಳ ಲೆಕ್ಕದಿಂದ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲುರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಹರಿದುಬಂದವು. ಅಂತಹದೊಂದನ್ನು ಬೆಂಗಳೂರಿನಿಂದ ತರಿಸಿದೆ. ಚಿತ್ರದಲ್ಲಿ ಫಳಫಳ ಹೊಳೆಯುತ್ತಿತ್ತು. ಕೈಗೆ ಬಂದಾಗ ಬಿಸಿ ಸಾಗಿಸುವ ಥರ್ಮಲ್ ಪ್ಯಾಡಿನ ಎಣ್ಣೆ ಬೋರ್ಡಿನ ಅಂಚಿಗೆ ಜಿನುಗಿ ಧೂಳು ಹಿಡಿದಿತ್ತು, ಫ್ಯಾನನ್ನು ಬೆರಳಿನಲ್ಲಿ ಅಲುಗಿಸಿದರೆ ಹಾಲುಹಲ್ಲಿನಂತೆ ಅಲುಗುತ್ತಿತ್ತು. ನಾಲ್ಕು ತಿಂಗಳು ಬಾಳಿತು. ಕರಾವಳಿಯೊಳಗೇ ಹಳೆಯ ಕಾರ್ಡು ಕೊಳ್ಳುವವರು ಇನ್ನೂ ಒಂದನ್ನು ನೋಡಬೇಕು: ಬ್ರಾಕೆಟ್ಟಿನ ಸ್ಕ್ರೂಗಳಲ್ಲಿ ತುಕ್ಕು, ಎಚ್‌ಡಿಎಂಐ ಪೋರ್ಟಿನ ಒಳಗೆ ಹಸಿರು ಕಿಲುಬು ಕಂಡರೆ ಉಪ್ಪುಗಾಳಿ ಒಳಗೂ ಹೊಕ್ಕಿದೆ ಎಂದರ್ಥ, ಅದನ್ನು ಅಲ್ಲೇ ಬಿಟ್ಟು ಬರುವುದು ಕ್ಷೇಮ.

ಹುಡುಗ ಚೌಕಾಶಿ ಮಾಡಲು ಹೊರಟದ್ದು ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಮೇಲೆ. ಅಲ್ಲಿ ನಾನು ಬಗ್ಗಲಿಲ್ಲ. 5600ಕ್ಕೆ 65 ವ್ಯಾಟ್, ಆರ್‌ಎಕ್ಸ್ 6600ಕ್ಕೆ 132 ವ್ಯಾಟ್. ಲೆಕ್ಕಕ್ಕೆ 500 ವ್ಯಾಟಿನದು ಧಾರಾಳ ಸಾಕು, ಆದರೆ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ, '500' ಎಂಬ ಸ್ಟಿಕ್ಕರ್ ಅಂಟಿಸಿದ ಹಗುರ ಡಬ್ಬಿಯಲ್ಲ, ವಿದ್ಯುತ್ ದಕ್ಷತೆಯ ಪ್ರಮಾಣಪತ್ರವಾದ 80 ಪ್ಲಸ್ ಬ್ರಾಂಝ್ ದರ್ಜೆಯದು. ಮೇ ತಿಂಗಳ ಸಿಡಿಲಿಗೆ ನನ್ನ ಅಂತಹದೊಂದು ಡಬ್ಬಿ ಸುಟ್ಟಾಗ ಮದರ್‌ಬೋರ್ಡನ್ನೂ ಕರೆದುಕೊಂಡೇ ಹೋಗಿತ್ತು.

ಸಾಮಾನು ಬಂದ ದಿನ ಜೋಡಿಸುವ ಮೊದಲು ಅಕ್ಕನ ಮನೆಯ ಕರೆಂಟಿನ ಸಾಕೆಟ್ಟನ್ನು ಪರೀಕ್ಷಿಸಿದೆವು. ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಇಲೆಕ್ಟ್ರಿಶಿಯನ್ ಬಂದು ಅರ್ಥಿಂಗ್ ಸರಿಪಡಿಸಲು ಎರಡು ದಿನ ಹಿಡಿಯಿತು. ಅಷ್ಟರವರೆಗೆ ಆರ್‌ಎಕ್ಸ್ 6600 ಪೆಟ್ಟಿಗೆಯೊಳಗೇ ಇತ್ತು, ಪೆಟ್ಟಿಗೆ ಅಕ್ಕನ ಕುಚ್ಚಲಕ್ಕಿ ಡಬ್ಬದ ಮೇಲೆ, ಹುಡುಗ ಅದರ ಎದುರಿನ ಕುರ್ಚಿಯಲ್ಲಿ.