ಹೊಟ್ಟೆಯ ಎಂಆರ್‌ಐ ಸ್ಕ್ಯಾನನ್ನ ಡೀಪ್ ಲರ್ನಿಂಗ್ ಹಾಕಿ ಬೇಗ ಮುಗಿಸಬಹುದಾ? ಪರ-ವಿರೋಧ

ಪರ: ಟೆಕ್ನಿಷಿಯನ್ ಒಬ್ಬರ ಮಾತು

"ಉಸಿರು ಎಳ್ಕೊಳ್ಳಿ, ಪೂರ್ತಿ ಬಿಡಿ, ಹಾಗೇ ನಿಲ್ಸಿ." ಮೈಕಲ್ಲಿ ಇದನ್ನ ದಿನಕ್ಕೆ ಎಷ್ಟು ಸಲ ಹೇಳ್ತೀನೋ ಲೆಕ್ಕ ಇಟ್ಟಿಲ್ಲ. ಮಂಡಿ ಸ್ಕ್ಯಾನ್ ಆದ್ರೆ ಪೇಷಂಟ್ ಸುಮ್ನೆ ಮಲಗಿದ್ರೆ ಆಯ್ತು, ಹೊಟ್ಟೆ ಹಂಗಲ್ಲ, ಪ್ರತಿ ಉಸಿರಿಗೂ ಲಿವರ್ ಮೇಲೆ ಕೆಳಗೆ ಹೋಗತ್ತೆ, ಅದಕ್ಕೇ ಒಂದೊಂದು ಸೀಕ್ವೆನ್ಸ್‌ಗೆ (ಸ್ಕ್ಯಾನ್‌ನ ಒಂದೊಂದು ಸುತ್ತಿಗೆ) 15-20 ಸೆಕೆಂಡ್ ಉಸಿರು ನಿಲ್ಲಿಸೋಕೆ ಹೇಳ್ತೀವಿ. ಗಟ್ಟಿಮುಟ್ಟಾಗಿರೋರಿಗೆ ಅದೇನೂ ಅಲ್ಲ. ಆದ್ರೆ ನಮ್ಮಲ್ಲಿಗೆ ಬರೋರು ಸಿರೋಸಿಸ್ (ಲಿವರ್ ಗಟ್ಟಿಯಾಗೋ ಕಾಯಿಲೆ) ಆಗಿ ಹೊಟ್ಟೆ ತುಂಬ ನೀರು ತುಂಬ್ಕೊಂಡಿರೋರು. ಮೊನ್ನೆ ಒಬ್ರು ಅಜ್ಜ, ಎಂಟನೇ ಸೆಕೆಂಡಿಗೇ ಮಾನಿಟರ್‌ನಲ್ಲಿ ಉಸಿರಿನ ಗೆರೆ ನಡುಗೋಕೆ ಶುರು ಆಯ್ತು, ಚಿತ್ರ ನೋಡಿದ್ರೆ ಲಿವರ್ ಅಂಚು ಒಂದಿರೋದು ಮೂರಾಗಿತ್ತು. ಇನ್ನೊಂದ್ಸಲ ಟ್ರೈ ಮಾಡೋಣ ಅಜ್ಜ ಅಂದೆ, "ಇನ್ನು ಆಗಲ್ಲಪ್ಪ" ಅಂದ್ರು.

ಇಂಥೋರಿಗೋಸ್ಕರ ಡೀಪ್ ಲರ್ನಿಂಗ್, ಅಂದ್ರೆ ಉದಾಹರಣೆ ನೋಡಿ ನೋಡಿ ತಾನೇ ಕಲಿಯೋ ಕಂಪ್ಯೂಟರ್ ಪ್ರೋಗ್ರಾಂ, ಬೇಕು ಅಂತೀನಿ. ಸ್ಕ್ಯಾನರ್ ನೇರವಾಗಿ ಫೋಟೋ ತೆಗೆಯಲ್ಲ, ಕೆ-ಸ್ಪೇಸ್ ಅನ್ನೋ ಕಚ್ಚಾ ಸಿಗ್ನಲ್ ಪಟ್ಟೀಲಿ ಗೆರೆಗೆರೆಯಾಗಿ ಸಿಗ್ನಲ್ ತುಂಬ್ತಾ ಹೋಗಿ ಆಮೇಲೆ ಲೆಕ್ಕ ಹಾಕಿ ಚಿತ್ರ ಮಾಡತ್ತೆ, ಗೆರೆ ಕಮ್ಮಿ ಮಾಡಿದ್ರೆ ಟೈಮ್ ಉಳಿಯತ್ತೆ ಆದ್ರೆ ಚಿತ್ರ ಒಂದರ ಮೇಲೊಂದು ಮಡಚ್ಕೊಳ್ಳತ್ತೆ, ಮರಳು ಎರಚಿದ ಹಾಗೂ ಕಾಣತ್ತೆ. ಗೆರೆ ಬಿಡೋದು ಹೊಸದೇನಲ್ಲ, 1999ರ ಸೆನ್ಸ್, 2002ರ ಗ್ರಾಪ್ಪಾ, 2007ರ ಕಂಪ್ರೆಸ್ಡ್ ಸೆನ್ಸಿಂಗ್ ಅನ್ನೋ ವಿಧಾನಗಳೆಲ್ಲಾ ಅದೇ ದಾರಿ. ಈಗ ಸಾವಿರಾರು ಸ್ಕ್ಯಾನ್ ನೋಡಿ ಕಲಿತ ನೆಟ್‌ವರ್ಕ್ (ಅದೇ ಡೀಪ್ ಲರ್ನಿಂಗ್ ಪ್ರೋಗ್ರಾಂ) ಆ ಮರಳನ್ನ ಅವಕ್ಕಿಂತ ಚೆನ್ನಾಗಿ ತೆಗೆಯತ್ತೆ. ಸುಮ್ನೆ ಮನಸ್ಸಿಗೆ ಬಂದಿದ್ದು ಬರೆಯತ್ತೆ ಅಂತಲೂ ಅಲ್ಲ, ಚೆನ್ನಾಗಿ ಮಾಡಿರೋ ನೆಟ್‌ವರ್ಕ್‌ಗಳು ಪ್ರತಿ ಹಂತದಲ್ಲೂ ನಿಜವಾಗಿ ಅಳೆದ ಸಿಗ್ನಲ್ ಜೊತೆ ತಾಳೆ ನೋಡ್ತವೆ. ಉಸಿರಿಗೆ ಕಾದು ಕಾದು ನಾಲ್ಕೈದು ನಿಮಿಷ ತಗೊಳ್ತಿದ್ದ ಟಿ2 (ನೀರಿನಂಶ ಬೆಳ್ಳಗೆ ಕಾಣೋ ಸೀಕ್ವೆನ್ಸ್) ಈಗ ಒಂದೆರಡು ಸಲ ಉಸಿರು ಹಿಡಿದ್ರೆ ಮುಗಿಯತ್ತೆ. ಅಜ್ಜನ ಅಲುಗಾಡಿದ ಚಿತ್ರದಲ್ಲಿ ಯಾವ ಡಾಕ್ಟರ್ ತಾನೇ ಏನು ಕಂಡುಹಿಡೀತಾರೆ?

ವಿರೋಧ: ರೇಡಿಯಾಲಜಿಸ್ಟ್ ಒಬ್ಬರ ಮಾತು

ಅಂಥ ಅಜ್ಜಂದಿರ ಸ್ಕ್ಯಾನ್ ಓದಿ ರಿಪೋರ್ಟ್ ಬರೆಯೋಳು ನಾನು, ಅಲುಗಾಡಿದ ಚಿತ್ರದ ಕಷ್ಟ ನಂಗೂ ಗೊತ್ತು. ನನ್ನ ತಕರಾರು ಸ್ಪೀಡ್ ಬಗ್ಗೆ ಅಲ್ಲ, ಇದನ್ನ ಪರೀಕ್ಷೆ ಮಾಡ್ತಿರೋ ರೀತಿ ಬಗ್ಗೆ.

ಹೇಗೆ ಮಾಡ್ತಾರೆ ನೋಡಿ. ಒಂದೇ ಆಸ್ಪತ್ರೆ, ಒಂದೇ ಕಂಪನಿ ಮಷೀನು, ಒಂದಷ್ಟು ಪೇಷಂಟ್ಸು, ಇಬ್ರು ಮೂವರು ರೇಡಿಯಾಲಜಿಸ್ಟ್‌ಗಳನ್ನ ಕೂರಿಸಿ ಹಳೇ ಚಿತ್ರ ಹೊಸ ಚಿತ್ರ ತೋರಿಸಿ 1ರಿಂದ 5ರ ಒಳಗೆ ಮಾರ್ಕ್ಸ್ ಕೊಡಿ ಅಂತಾರೆ, ಅಂಚು ಚೂಪಾಗಿದ್ಯಾ, ನಾಯ್ಸ್ (ಮರಳು ಎರಚಿದ ಹಾಗೆ ಕಾಣೋದು) ಎಷ್ಟಿದೆ, ಒಟ್ಟಾರೆ ಹೇಗಿದೆ ಅಂತ. ಯಾವುದು ಯಾವ್ದು ಅಂತ ಹೇಳಿರಲ್ಲ, ಆದ್ರೆ ಡೀಪ್ ಲರ್ನಿಂಗ್ ಚಿತ್ರ ಮೇಣ ಸವರಿದ ಹಾಗೆ ನುಣ್ಣಗಿರತ್ತೆ, ನೋಡಿದ ತಕ್ಷಣ ಗೊತ್ತಾಗೋಗತ್ತೆ. ನುಣ್ಣಗಿರೋದಕ್ಕೆ ಕಣ್ಣು ಜಾಸ್ತಿ ಮಾರ್ಕ್ಸ್ ಕೊಡತ್ತೆ. ನಂಗೆ ಬೇಕಾಗಿರೋದು ಚಂದ ಅಲ್ಲ, ಕರುಳಿನ ಕ್ಯಾನ್ಸರ್ ಪೇಷಂಟ್ ಲಿವರ್‌ನಲ್ಲಿ ಐದಾರು ಮಿಲಿಮೀಟರ್‌ನ ಮಸುಕಾದ ಚುಕ್ಕೆ, ಅದಿದ್ರೆ ಆಪರೇಷನ್ ಪ್ಲಾನೇ ಬದಲಾಗತ್ತೆ. ನಾಯ್ಸ್ ಒರೆಸೋವಾಗ ಮೊದಲು ಹೋಗೋ ಅಪಾಯ ಇರೋದು ಇಂಥ ಚುಕ್ಕೆಗೇ.

2020ರಲ್ಲಿ ಪಿಎನ್‌ಎಎಸ್ ಅನ್ನೋ ವಿಜ್ಞಾನ ಪತ್ರಿಕೆಲಿ ಬಂದ ಪೇಪರ್‌ನಲ್ಲಿ ಇದನ್ನೇ ತೋರಿಸಿದ್ರು, ಸಿಗ್ನಲ್‌ನಲ್ಲಿ ಕಣ್ಣಿಗೆ ಕಾಣದಷ್ಟು ಏರುಪೇರು ಮಾಡಿದ್ರೆ ಕೆಲವು ನೆಟ್‌ವರ್ಕ್‌ಗಳ ಚಿತ್ರವೇ ಕೆಟ್ಟೋಗತ್ತೆ, ಸಣ್ಣ ಗುರುತು ಮಾಯ ಆಗಬಹುದು. ಫೇಸ್‌ಬುಕ್ ಮತ್ತು ನ್ಯೂಯಾರ್ಕ್‌ನ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆ 2018ರಲ್ಲಿ ಶುರು ಮಾಡಿದ ಫಾಸ್ಟ್‌ಎಂಆರ್‌ಐ ಅನ್ನೋ ಸಂಶೋಧನಾ ಯೋಜನೆ ದೊಡ್ಡ ಕೆಲಸವೇ, ಆದ್ರೆ ಕಮ್ಮಿ ಗೆರೆಯಿಂದ ಮಿದುಳಿನ ಚಿತ್ರ ಮಾಡೋ ಅವರ ಸ್ಪರ್ಧೆಲೂ ಇಲ್ಲದ ರಚನೆ ಹುಟ್ಟಿಸಿದ ಚಿತ್ರಗಳು ಸಿಕ್ಕಿದ್ವು. ಅದೂ ಮಿದುಳು, ಅಲ್ಲಾಡದ ಜಾಗ. ಅಲ್ಲಿ ಪೂರ್ತಿ ಗೆರೆ ತುಂಬಿದ ಅಸಲಿ ಚಿತ್ರ ಪಕ್ಕದಲ್ಲಿಟ್ಟು ಹೋಲಿಸಬಹುದು. ಹೊಟ್ಟೇಲಿ ಉಸಿರು, ಕರುಳಿನ ಚಲನೆ, ಹಾರ್ಟ್ ಬಡಿತ ಎಲ್ಲಾ ಸೇರಿ ಆ ಅಸಲಿ ಚಿತ್ರವೇ ಅಲುಗಾಡಿರತ್ತೆ, ಯಾವುದರ ಜೊತೆ ಹೋಲಿಸ್ತೀರಾ?

ಹೋಲಿಸೋದಾದ್ರೆ ಬಯಾಪ್ಸಿ ಜೊತೆ, ಆಪರೇಷನ್‌ನಲ್ಲಿ ಸಿಕ್ಕಿದ್ದರ ಜೊತೆ, ಆರು ತಿಂಗಳಾದ ಮೇಲಿನ ಸ್ಕ್ಯಾನ್ ಜೊತೆ ಹೋಲಿಸಿ, ಎಷ್ಟು ಗಡ್ಡೆ ಇತ್ತು ಎಷ್ಟು ಕಾಣಿಸ್ತು ಅಂತ ಒಂದೊಂದಾಗಿ ಎಣಿಸಿ. ನಮ್ಮಲ್ಲಿ ಸದ್ಯಕ್ಕೆ ಒಂದು ಮಾತು ಮಾಡ್ಕೊಂಡಿದೀವಿ, ಕ್ಯಾನ್ಸರ್ ಅಂತ ಮೊದಲೇ ಗೊತ್ತಿರೋ ಪೇಷಂಟ್‌ಗೆ ಫಾಸ್ಟ್ ಸೀಕ್ವೆನ್ಸ್ ಜೊತೆ ಹಳೇ ಟಿ2 ಒಂದು ಹಾಕ್ಲೇಬೇಕು, ಹೊರಗೆ ಕ್ಯೂ ಇದ್ರೂನೂ.