ಕಲಾಮಜೂವಿನ ಹಳೇ ಗಿಟಾರ್ ಕಾರ್ಖಾನೆ ಮತ್ತು ನಮ್ಮ ಕಡೆಯ ರಿಪೇರಿ

ಊರಿಂದ ನೆಂಟರು ಬಂದರೆ ಡೆಟ್ರಾಯಿಟ್ ಕಡೆಯ ನಾವು ಕನ್ನಡಿಗರು ತೋರಿಸುವ ಜಾಗಗಳು ಹೆಚ್ಚುಕಮ್ಮಿ ಒಂದೇ. ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂ, ಮ್ಯಾಕಿನಾ ದ್ವೀಪ, ಬರುವಾಗ ದಾರಿಯಲ್ಲಿ ಒಂದು ಔಟ್‌ಲೆಟ್ ಮಾಲ್. ಪಶ್ಚಿಮಕ್ಕೆ ಎರಡು ತಾಸಿಗಿಂತ ಸ್ವಲ್ಪ ಜಾಸ್ತಿ ಕಾರು ಓಡಿಸಿದರೆ ಸಿಗುವ ಕಲಾಮಜೂಗೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ನೋಡಲು ಏನಿದೆ ಅಂತ ಕೇಳಿದರೆ ನನ್ನ ಉತ್ತರ ಒಂದು ವಿಳಾಸ: 225, ಪಾರ್ಸನ್ಸ್ ಸ್ಟ್ರೀಟ್. ಇಟ್ಟಿಗೆ ಕಟ್ಟಡ, ಸಾಲು ಸಾಲು ಕಿಟಕಿ, ಒಂದು ಚಿಮಣಿ. ಗಿಟಾರ್ ಹುಚ್ಚಿರುವವರು ಮಾತ್ರ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಗಿಟಾರ್, ಮ್ಯಾಂಡೊಲಿನ್ ಮಾಡುವ ಗಿಬ್ಸನ್ ಕಂಪನಿ 1902ರಲ್ಲಿ ಶುರುವಾದದ್ದು ಇದೇ ಊರಲ್ಲಿ. ಈ ಕಾರ್ಖಾನೆ ಎದ್ದದ್ದು 1917ರಲ್ಲಿ. ಗಿಬ್ಸನ್‌ನಲ್ಲಿ ವಾದ್ಯಗಳ ವಿನ್ಯಾಸ ನೋಡಿಕೊಳ್ಳುತ್ತಿದ್ದ ಲಾಯ್ಡ್ ಲೋರ್ 1920ರ ದಶಕದ ಆರಂಭದಲ್ಲಿ ಸಹಿ ಹಾಕಿದ ಎಫ್-5 ಮ್ಯಾಂಡೊಲಿನ್‌ಗಳು ಇಲ್ಲಿಂದಲೇ ಹೊರಟವು. ಅವಕ್ಕೆ ಈಗ ಕೊಡುವ ದುಡ್ಡಲ್ಲಿ ಮೈಸೂರಲ್ಲಿ ಮನೆಯನ್ನೇ ಕಟ್ಟಬಹುದು. 1952ರ ಲೆಸ್ ಪಾಲ್, 1958ರ ಇಎಸ್-335, ರಾಕ್ ಸಂಗೀತ ಕೇಳದವರೂ ಪೋಸ್ಟರ್‌ಗಳಲ್ಲಿ ನೋಡಿರುವ ಗಿಟಾರ್‌ಗಳು, ಎಲ್ಲವೂ ಹುಟ್ಟಿದ್ದು ಆ ಕಿಟಕಿಗಳ ಬೆಳಕಲ್ಲಿ.

ಆಮೇಲಿನ ಕಥೆಯೇ ನನಗೆ ಮುಖ್ಯ. 1970ರ ದಶಕದಲ್ಲಿ ಕಂಪನಿ ಟೆನ್ನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿತು. ಕೆಲಸ ಒಂದೊಂದಾಗಿ ಅಲ್ಲಿಗೆ ಸರಿಯಿತು. 1984ರಲ್ಲಿ ಕಲಾಮಜೂ ಕಾರ್ಖಾನೆಗೆ ಬೀಗ ಬಿತ್ತು. ಜಿಮ್ ಡರ್ಲೂ, ಮಾರ್ವ್ ಲ್ಯಾಂಬ್, ಜೆ.ಪಿ. ಮೋಟ್ಸ್ ಮುಂತಾದವರು 1950ರ ದಶಕದಲ್ಲೇ ಗಿಬ್ಸನ್ ಸೇರಿದ್ದವರು. ಊರು ಬಿಡಲ್ಲ ಅಂದರು. ಹಳೆಯ ಯಂತ್ರಗಳಲ್ಲಿ ಕೆಲವನ್ನು ಕೊಂಡು, ಅದೇ ಕಟ್ಟಡದಲ್ಲಿ ಜಾಗ ಹಿಡಿದು, 1985ರಲ್ಲಿ ಹೆರಿಟೇಜ್ ಗಿಟಾರ್ಸ್ ಎಂಬ ಹೆಸರಲ್ಲಿ ಮತ್ತೆ ಕೆಲಸ ಶುರುಮಾಡಿದರು. ಹೊರಗೆ ಚಿಮಣಿ ಮೇಲೆ ಗಿಬ್ಸನ್ ಅಂತ ದೊಡ್ಡ ಅಕ್ಷರ, ಒಳಗೆ ಅದೇ ಗಿಬ್ಸನ್ ಜೊತೆ ಪೈಪೋಟಿ. ಸುಮಾರು ಮೂವತ್ತು ವರ್ಷ ಹೀಗೇ ನಡೆಯಿತು.

ಇದನ್ನು ಓದಿದಾಗಲೆಲ್ಲ ನನಗೆ ಎಚ್‌ಎಂಟಿ ನೆನಪಾಗುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ವಾಚು ಮಾಡಲು ಹೊರಟವರು, ಒಂದು ತಲೆಮಾರಿನ ಮದುವೆ ಗಂಡುಗಳ ಕೈಗೆಲ್ಲ ವಾಚು ಕಟ್ಟಿದವರು. 2016ರಲ್ಲಿ ವಾಚು ಕಂಪನಿ ಮುಚ್ಚಿತು. ಕೆಲಸಗಾರರಿಗೆ ವಿಆರ್‌ಎಸ್ ಕೊಟ್ಟು ಮನೆಗೆ ಕಳಿಸಿದರು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಜಾಲಹಳ್ಳಿಯಲ್ಲಿ 2019ರಲ್ಲಿ ಚೆಂದದ ಮ್ಯೂಸಿಯಂ ಆಯಿತು. ಹೋಗಿ ಬಂದಿದ್ದೇನೆ, ನಿಜಕ್ಕೂ ಚೆನ್ನಾಗಿದೆ, ಮರದ ನೆರಳೂ ಇದೆ. ಆದರೆ ಹಳೇ ಎಚ್‌ಎಂಟಿ ಕೆಟ್ಟರೆ ಅದನ್ನು ಬಿಚ್ಚಿ ಸರಿಮಾಡಲು ಹುಡುಕಬೇಕಾದ್ದು ಮ್ಯೂಸಿಯಂ ಅಲ್ಲ, ಅವೆನ್ಯೂ ರಸ್ತೆ ಕಡೆಯ ಯಾವುದೋ ಸಣ್ಣ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಒಪ್ಪುತ್ತೇನೆ. ಅದು ಸರ್ಕಾರದ ಸಂಸ್ಥೆ, ಕೆಲಸಗಾರರು ಕೈಗೆ ಕೈ ಸೇರಿಸಿ ಕೊಂಡುಕೊಳ್ಳುವಂಥದ್ದಲ್ಲ. ಅಂಥ ಯೋಚನೆ ಯಾರ ತಲೆಗೂ ಬರದ ಹಾಗೆ ನಮ್ಮ ವ್ಯವಸ್ಥೆ ಇದೆ ಅನ್ನುವುದಷ್ಟೇ ನನ್ನ ಮಾತು.

ಈಗ ರಿಪೇರಿ ವಿಷಯ. 2016ರಲ್ಲಿ ಹೆರಿಟೇಜ್‌ಗೆ ಹೊಸ ಮಾಲೀಕರು ಬಂದರು. ಹಳೇ ಕಟ್ಟಡವನ್ನು ಸರಿಮಾಡುತ್ತೇವೆ, ಹೊಸ ಯಂತ್ರ ತರುತ್ತೇವೆ, ಕೈಕೆಲಸ ಹಾಗೇ ಉಳಿಯುತ್ತದೆ ಎಂದರು. ಅಭಿಮಾನಿಗಳಿಗೆ ಸಿಟ್ಟು ಬಂತು. ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರ ಒಳಗೆ ಬಂದರೆ ಕಥೆ ಮುಗಿಯಿತು ಅಂತ ಎಷ್ಟೋ ಜನರ ಗೋಳು.

ನಾನು ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸ ಮಾಡುವವನು. ಸಿಎನ್‌ಸಿ ಜೊತೆ ದಿನವೂ ಒಡನಾಟ. ಈ ಗೋಳಿನಲ್ಲಿ ನನಗೆ ಅರ್ಧ ಮಾತ್ರ ನಂಬಿಕೆ. ಮಿಶಿಗನ್‌ನ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿ ಹೋಗುತ್ತದೆ. ಗಿಟಾರ್ ಮಾಡುವ ಜಾಗದಲ್ಲಿ ತೇವ ಹೆಚ್ಚುಕಮ್ಮಿ 45ರಿಂದ 50 ಪರ್ಸೆಂಟ್ ಇರಬೇಕು. ಇಲ್ಲದಿದ್ದರೆ ಹಲಗೆ ಬಿರುಕು ಬಿಡುತ್ತದೆ, ಅಂಟಿಸಿದ್ದು ಬಾಯಿ ಬಿಡುತ್ತದೆ. ನೂರು ವರ್ಷದ ಕಿಟಕಿಗಳ ಸಂದಿಯಲ್ಲಿ ಗಾಳಿ ನುಗ್ಗುವಾಗ ಆ ತೇವ ಕಾಯುವುದು ಸುಲಭವಲ್ಲ. ಇನ್ನು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಹಳೇ ಗಿಟಾರಿನ ಆ ಹೊಳಪು ಬರುವುದು ಅದರಿಂದಲೇ, ಆದರೆ ಬೆಂಕಿ ತಾಗಿದರೆ ಭಗ್ ಅಂತ ಹೊತ್ತಿಕೊಳ್ಳುವ ಸರಕು. ಅದರ ಆವಿ, ಮರದ ಧೂಳು ಎರಡೂ ಶ್ವಾಸಕೋಶಕ್ಕೆ ಕೆಟ್ಟದ್ದು. ಧೂಳು ಎಳೆಯುವ ಕೊಳವೆ ಹಾಕಿದರೆ ಪರಂಪರೆ ಹಾಳಾಗುತ್ತದೆ ಅನ್ನುವವರು ಒಂದು ವಾರ ಅಲ್ಲಿ ಮರಳು ಕಾಗದ ಉಜ್ಜಲಿ, ಆಮೇಲೆ ಮಾತಾಡೋಣ.

ಹಾಗೆ ನೋಡಿದರೆ ಹಳೇ ಗಿಬ್ಸನ್ನೂ ಯಂತ್ರಗಳದ್ದೇ ಕಾರ್ಖಾನೆ. ಮೇಪಲ್ ಹಲಗೆಯ ಉಬ್ಬು ಕೆತ್ತಲು ಅಚ್ಚು ನೋಡಿ ಕೆತ್ತುವ ಯಂತ್ರ ಆಗಲೇ ಇತ್ತು. ಒರಟು ಕೆಲಸ ಯಂತ್ರಕ್ಕೆ, ಕೊನೆಯ ಕೆಲಸ ಕೈಗೆ. ನಮ್ಮ ಮೈಸೂರು ಸಿಲ್ಕ್‌ನ ಕಥೆಯೂ ಇದೇ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಆ ಕಾರ್ಖಾನೆಗೆ ಮಗ್ಗ ಬಂದದ್ದು ಸ್ವಿಟ್ಜರ್‌ಲ್ಯಾಂಡ್‌ನಿಂದ, ಅದೂ ವಿದ್ಯುತ್ ಮಗ್ಗ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಆ ಸೀರೆಯನ್ನು ಇವತ್ತು ಪರಂಪರೆ ಅಂತ ಕಣ್ಣಿಗೊತ್ತಿಕೊಳ್ಳುತ್ತೇವೆ. ಯಂತ್ರ ಬಂದದ್ದಕ್ಕೆ ಯಾರೂ ಅಳುವುದಿಲ್ಲ.

ನನ್ನ ತಕರಾರು ಬೇರೆ. 2018ರಲ್ಲಿ ಹೆರಿಟೇಜ್ ಕೆಲವು ಕೆಲಸಗಾರರನ್ನು ಬಿಡಿಸಿದ ಸುದ್ದಿ ಬಂತು. ಕಂಪನಿಗೆ ಅದರದ್ದೇ ಲೆಕ್ಕಾಚಾರ ಇರಬಹುದು. ಆದರೆ ಯಂತ್ರ ಒಳಗೆ ಬರುವ ಹೊತ್ತಿಗೇ ಪಳಗಿದ ಕೈಗಳು ಹೊರಗೆ ಹೋಗುವುದಿದೆಯಲ್ಲ, ಅದರ ನಷ್ಟ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣುವುದಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಮ್ಮ ಮನೆ ಹತ್ತಿರ ಗಿಟಾರ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಮಗಳ ಹಳೇ ಗಿಟಾರಿನ ನೆಕ್, ಅಂದರೆ ಬೆರಳಿನಿಂದ ತಂತಿ ಒತ್ತುವ ಉದ್ದನೆಯ ಕತ್ತು, ಬಾಗಿಕೊಂಡು ಬಂದಿತ್ತು, ತಂತಿ ಮೇಲೆದ್ದು ಬೆರಳು ಒತ್ತಲಾಗುತ್ತಿರಲಿಲ್ಲ. ಅವರು ಸಂದಿಗೆ ಸಣ್ಣ ಸೂಜಿಯಲ್ಲಿ ಬಿಸಿ ಹಬೆ ಬಿಟ್ಟು ಅಂಟು ಮೆತ್ತಗೆ ಮಾಡಿ ನೆಕ್ ಬಿಡಿಸಿದರು. ಆಮೇಲೆ ಬುಡದ ಮರವನ್ನು ಉಳಿಯಿಂದ ತೆಳ್ಳಗೆ ಹೆರೆದರು. ಬಾಡಿಗೂ ನೆಕ್ಕಿಗೂ ನಡುವೆ ಮರಳು ಕಾಗದದ ಪಟ್ಟಿ ಇಟ್ಟು ಒತ್ತಿ ಹಿಡಿದು ಎಳೆದರು. ಮತ್ತೆ ಕೂರಿಸಿ, ಉದ್ದನೆಯ ಉಕ್ಕಿನ ಪಟ್ಟಿ ಮೇಲಿಟ್ಟು, ಅದರ ತುದಿ ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್ಜಿನ ನೆತ್ತಿಗೆ ಸರಿಯಾಗಿ ತಾಗುತ್ತದೆಯೇ ಅಂತ ಒಂದು ಕಣ್ಣು ಮುಚ್ಚಿ ನೋಡಿದರು. ಬಿಚ್ಚು, ಎಳೆ, ಕೂರಿಸು, ನೋಡು. ಒಂದೊಂದು ಸಲ ಉದುರುವುದು ಚಿಟಿಕೆ ಧೂಳು ಅಷ್ಟೇ. ಸಂದಿಗೆ ಸೀಮೆಸುಣ್ಣ ಬಳಿದು, ಎಲ್ಲಿ ಒರೆಸಿಹೋಗಿದೆ ನೋಡಿ, ಅಷ್ಟನ್ನು ಮಾತ್ರ ಮತ್ತೆ ಹೆರೆದರು. ಇದನ್ನು ಎಷ್ಟು ದಿನದಲ್ಲಿ ಕಲಿಯಬಹುದು ಅಂತ ಕೇಳಿದೆ. ಒಂದೆರಡು ನೆಕ್ ಹಾಳು ಮಾಡಬೇಕು, ಹಾಳು ಮಾಡುವಾಗ ಗೊತ್ತಿರುವವರು ಪಕ್ಕದಲ್ಲಿರಬೇಕು ಅಂದರು.

ಆ ಪಕ್ಕದಲ್ಲಿರುವವರನ್ನು, ಅವರ ಕೆಲಸವನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವುದೇ ಪ್ರಶ್ನೆ. ಮೂರು ದೇಶಗಳು ಈ ಪ್ರಶ್ನೆಗೆ ಮೂರು ಥರ ಉತ್ತರ ಕೊಡುತ್ತವೆ.

ಅಮೆರಿಕದಲ್ಲಿ ಐತಿಹಾಸಿಕ ಅಂತ ಗುರುತಿಸಿದ, ಆದಾಯ ತರುವ ಕಟ್ಟಡವನ್ನು ನಿಯಮದ ಪ್ರಕಾರ ರಿಪೇರಿ ಮಾಡಿದರೆ ಖರ್ಚಿನ 20 ಪರ್ಸೆಂಟ್‌ನಷ್ಟು ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ನ್ಯಾಷನಲ್ ಪಾರ್ಕ್ ಸರ್ವಿಸ್ ಇದರ ಯೋಜನೆ, ಕೆಲಸ ಪರಿಶೀಲಿಸುತ್ತದೆ. ಒಳ್ಳೆಯ ಕಾನೂನು. ಇದರಿಂದಾಗಿ ಎಷ್ಟೋ ಹಳೇ ಗಿರಣಿ, ಗೋದಾಮು ಉಳಿದುಕೊಂಡಿವೆ. ನಮ್ಮಲ್ಲಿ ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಎದ್ದಿದೆ, ಮಂಗಳೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ಮಾಯವಾಗುತ್ತಿವೆ. ಅದನ್ನು ನೋಡಿದರೆ ಇಲ್ಲಿನವರ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಆ ಕಾನೂನು ಕೇಳುವುದು ಕಿಟಕಿ ಚೌಕಟ್ಟು ಹಳೆಯದರ ಹಾಗೇ ಇದೆಯೇ, ಇಟ್ಟಿಗೆ ಸಂದಿಗೆ ತುಂಬಿದ ಗಾರೆ ಹೊಂದುತ್ತದೆಯೇ ಅಂತ. ಒಳಗೆ ಕೆಲಸ ಗೊತ್ತಿರುವವರು ಎಷ್ಟು ಜನ ಉಳಿದರು ಅಂತ ಕೇಳುವ ಕಾಲಂ ಅದರಲ್ಲಿಲ್ಲ.

ನಮ್ಮ ದೇಶ ಹೆಸರನ್ನು ಕಾಯುತ್ತದೆ. ಮೈಸೂರಿನ ಬೀಟೆ ಮರದ ಕುಸುರಿಗೆ ಜಿಐ ಟ್ಯಾಗ್ ಇದೆ. ಬೇರೆಯವರು ಆ ಹೆಸರಲ್ಲಿ ಮಾರುವಂತಿಲ್ಲ, ಸಂತೋಷ. ಮರವನ್ನೂ ಕಾನೂನು ಚೆನ್ನಾಗಿಯೇ ಕಾಯುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಪೆನ್ಸಿಲ್ವೇನಿಯಾದ ನಾಜರೆತ್‌ನಲ್ಲಿರುವ ಮಾರ್ಟಿನ್ ಗಿಟಾರ್ ಕಂಪನಿ 1833ರಿಂದ ಇದೆ. ಬ್ರೆಜಿಲ್ ಬೀಟೆ ಸಿಗುವುದು ಕಷ್ಟವಾದಾಗ, 1969ರ ಹೊತ್ತಿಗೆ, ಅವರು ತಮ್ಮ ಹೆಸರಾಂತ ಡಿ-28 ಗಿಟಾರಿಗೆ ಹಿಡಿದದ್ದು ಭಾರತದ ಬೀಟೆಯನ್ನು. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಅದೇ ಜಾತಿ. ಕೊಡಗು, ಮಲೆನಾಡಿನವರು ಮನೆಯ ಮಂಚದಲ್ಲಿ ನೋಡಿರುವ ಆ ನೇರಳೆ ಮಿಶ್ರಿತ ಕಂದು ಬಣ್ಣವನ್ನು ಇಲ್ಲಿ ಗಿಟಾರ್ ಅಂಗಡಿಯ ಗೋಡೆಯ ಮೇಲೆ ನೋಡಬಹುದು. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೆಳಗೆ ಬೀಟೆಯ ಎಲ್ಲ ಜಾತಿಗಳಿಗೂ ಗಡಿ ದಾಟಲು ಪರವಾನಗಿ ಬೇಕಾಯಿತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಗಿಬ್ಸನ್ ಕಂಪನಿಯೇ ಮಡಗಾಸ್ಕರ್‌ನ ಕರಿಮರದ ಆಮದಿಗೆ ಸಂಬಂಧಿಸಿ 2012ರಲ್ಲಿ 3 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು. ಒಂದು ಹಲಗೆಯ ಹಿಂದೆ ಇಷ್ಟೆಲ್ಲ ಕಾಗದ ಓಡಾಡುತ್ತದೆ.

ಜಪಾನಿನವರು ಮನುಷ್ಯನನ್ನೇ ಹಿಡಿದುಕೊಂಡರು. ಅಲ್ಲಿನ 1950ರ ಸಾಂಸ್ಕೃತಿಕ ಆಸ್ತಿ ಕಾಯ್ದೆಯ ಕೆಳಗೆ ಕುಂಬಾರಿಕೆ, ನೇಯ್ಗೆ, ಅರಗಿನ ಕೆಲಸ ಬಲ್ಲವರನ್ನು ಗುರುತಿಸುತ್ತಾರೆ. ಜನ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಅನ್ನುತ್ತಾರೆ. ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತಾರೆ, ಸನ್ಮಾನದ ಶಾಲಿಗಾಗಿ ಅಲ್ಲ, ಕೆಲಸ ಇನ್ನೊಬ್ಬರಿಗೆ ದಾಟಲಿ ಅಂತ. ಮೂರರಲ್ಲಿ ಯಾವುದು ಸರಿ ಅಂದರೆ ನನ್ನ ಓಟು ಇದಕ್ಕೇ.

ಕೈಕೆಲಸ ಅನ್ನುವುದು ರಕ್ತದಲ್ಲಿ ಬರುತ್ತದೆ, ಹೊರಗಿನವರಿಗೆ ಬರಲ್ಲ ಎಂಬ ಮಾತು ಭಾರತ, ಅಮೆರಿಕ ಎರಡೂ ಕಡೆ ಕೇಳಿದ್ದೇನೆ. ಪಾರ್ಸನ್ಸ್ ಸ್ಟ್ರೀಟ್ ಇದನ್ನು ಸುಳ್ಳು ಮಾಡಿ ತೋರಿಸಿದೆ. ಎರಡನೇ ಮಹಾಯುದ್ಧದಲ್ಲಿ ಗಂಡಸರು ಸೈನ್ಯಕ್ಕೆ ಹೋದಾಗ ಆ ಕಾರ್ಖಾನೆಯಲ್ಲಿ ಗಿಟಾರ್ ಮಾಡಿದವರಲ್ಲಿ ಹೆಚ್ಚಿನವರು ಊರಿನ ಹೆಂಗಸರು. ಆ ಗಿಟಾರ್‌ಗಳಿಗೆ ಇವತ್ತು ಸಂಗ್ರಹಕಾರರು ಮುಗಿಬೀಳುತ್ತಾರೆ. ಹೇಳಿಕೊಡುವವರು ಇದ್ದರು, ಕಲಿತರು. ಇಷ್ಟೇ ಗುಟ್ಟು.

ಮಾರ್ಟಿನ್ ಕಂಪನಿಯ ದಾರಿಯೂ ಇದೇ ಮಾತು ಹೇಳುತ್ತದೆ. ಅವರು 1964ರಲ್ಲಿ ಹಳೇ ನಾರ್ತ್ ಸ್ಟ್ರೀಟ್ ಕಾರ್ಖಾನೆ ಬಿಟ್ಟು ಅದೇ ಊರಲ್ಲಿ ದೊಡ್ಡ ಹೊಸ ಕಟ್ಟಡಕ್ಕೆ ಹೋದರು. ಪಾಲಿಶ್ ಮಾಡಲು ರೋಬೋಟ್ ತಂದರು. ಆದರೆ ಕೆಲಸಗಾರರು ಅದೇ ಊರವರು, ಅಪ್ಪ ಮಗ ಇಬ್ಬರೂ ಅಲ್ಲೇ ದುಡಿದ ಮನೆಗಳಿವೆ. ಗೋಡೆ ಬದಲಾಯಿತು, ಯಾರೂ ಮಾರ್ಟಿನ್ ಗಿಟಾರ್ ನಕಲಿಯಾಯಿತು ಅನ್ನಲಿಲ್ಲ. ಹಾಗಂತ ಪಾರ್ಸನ್ಸ್ ಸ್ಟ್ರೀಟ್ ಕೆಡವಿ ಅನ್ನುತ್ತಿಲ್ಲ ಮತ್ತೆ. ಗೋಡೆ, ಕೈ ಎರಡನ್ನೂ ಉಳಿಸಲು ದುಡ್ಡಿಲ್ಲದಿದ್ದರೆ ಯಾವುದನ್ನು ಮೊದಲು ಅಂತ ತೀರ್ಮಾನಿಸಬೇಕಾಗುತ್ತದೆ, ಅಷ್ಟೇ.

ಮೈಸೂರಿಗೆ ಹೋದಾಗಲೆಲ್ಲ ಮಂಡಿ ಮೊಹಲ್ಲಾ ಕಡೆ ಒಂದು ಸುತ್ತು ಹಾಕುತ್ತೇನೆ. ಬೀಟೆ ಹಲಗೆಗೆ ಬಣ್ಣಬಣ್ಣದ ಮರದ ಚೂರು ಕೂರಿಸುವ ಕೋಣೆಗಳಲ್ಲಿ ತಲೆ ನರೆತವರೇ ಜಾಸ್ತಿ. ಹುಡುಗರು ಎಲ್ಲಿ ಅಂದರೆ, ಫುಡ್ ಡೆಲಿವರಿಯಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತೆ ಸಾರ್ ಅನ್ನುತ್ತಾರೆ. ತಪ್ಪು ಅವರದ್ದಲ್ಲ ಅಲ್ವಾ? ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರಲ್ಲಿ ಶುರುವಾಗಿದೆ. ಸಲಕರಣೆಗೆ 15,000 ರೂಪಾಯಿ, ತರಬೇತಿಯ ದಿನಕ್ಕೆ 500 ರೂಪಾಯಿ. ದುಡ್ಡಿನ ಬಗ್ಗೆ ದೂರಿಲ್ಲ. ಆದರೆ ಮೊದಲ ಹಂತದ ತರಬೇತಿ ಐದರಿಂದ ಏಳು ದಿನ, ಮುಂದಿನದು 15 ದಿನ ಅಥವಾ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಉಳಿ ಹಿಡಿಯುವುದು ಬರಬಹುದು. ಅದೇ 500 ರೂಪಾಯಿಯನ್ನು ಎರಡು ವರ್ಷ ಕೊಡಲಿ, ಹುಡುಗನಿಗೂ ಕೊಡಲಿ, ಪಕ್ಕದಲ್ಲಿ ಕೂತು ಹೇಳಿಕೊಡುವ ಹಿರಿಯರಿಗೂ ಕೊಡಲಿ. ಕಟ್ಟಡದ ಸುಣ್ಣಬಣ್ಣದ ಟೆಂಡರನ್ನು ಆಮೇಲೆ ಕರೆದರೂ ನಡೆಯುತ್ತದೆ.